ಲೋಹದ ಲೈಟ್ ಕೊಳ್ಳುವ ಮುಂಚೆ ಚಾವಣಿಯ ವೈರ್ ನೋಡಿ: ಅರ್ಥಿಂಗ್, ಡಬಲ್ ಇನ್ಸುಲೇಷನ್, ಲೋ ವೋಲ್ಟೇಜ್‌ಗಳ ಹೋಲಿಕೆ

ಹಿತ್ತಾಳೆಯ ತೂಗುದೀಪ, ಕಪ್ಪು ಕಬ್ಬಿಣದ ಗೋಡೆ ಲೈಟ್, ಸ್ಟೀಲಿನ ಸ್ಪಾಟ್‌ಲೈಟ್. ಇವನ್ನು ಆರಿಸುವಾಗ ನಾವು ನೋಡುವುದು ಬಣ್ಣ, ಅಳತೆ, ಬೆಳಕು. ತಪ್ಪೇನಿಲ್ಲ. ಆದರೆ ಮೈಯೆಲ್ಲ ಲೋಹವಾಗಿರುವ ಲೈಟ್ ತರುವಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ. ನಿಮ್ಮ ಲೈಟ್ ಪಾಯಿಂಟ್‌ನಿಂದ ಎಷ್ಟು ವೈರ್ ಹೊರಗೆ ಬಂದಿವೆ? ಎರಡೋ, ಮೂರೋ?

ಎರಡೇ ಇದ್ದರೆ ಅವು ಫೇಸ್ (ಕರೆಂಟ್ ತರುವ ವೈರ್) ಮತ್ತು ನ್ಯೂಟ್ರಲ್ (ಕರೆಂಟ್ ಹಿಂದಿರುಗುವ ವೈರ್). ಮೂರನೆಯದು ಹಸಿರು ಅಥವಾ ಹಸಿರು-ಹಳದಿ ಪಟ್ಟೆಯದಾಗಿದ್ದರೆ ಅದು ಅರ್ಥ್ ವೈರ್, ಅಂದರೆ ಮೈಗೆ ಸೋರಿದ ಕರೆಂಟಿಗೆ ದಾರಿ ಕೊಡುವ ವೈರ್ ಇರಬೇಕು. ಕೆಲವು ದೇಶಗಳಲ್ಲಿ ಅದು ಹೊದಿಕೆಯಿಲ್ಲದ ಬರೀ ತಾಮ್ರದ ತಂತಿ. ಮೂರು ವೈರ್ ಕಂಡ ಕೂಡಲೇ ಸಮಾಧಾನ ಪಡಬೇಡಿ. ಒಂದೇ ತೂಗುದೀಪದ ಬಲ್ಬುಗಳನ್ನು ಎರಡು ಸ್ವಿಚ್‌ಗೆ ಹಂಚಿದ್ದರೆ ಮೂರನೆಯದು ಇನ್ನೊಂದು ಫೇಸ್ ಆಗಿರಬಹುದು. ಬಣ್ಣ ನೋಡಿ ನಂಬುವ ಬದಲು ಪರೀಕ್ಷೆ ಮಾಡಿಸಿ ನಂಬುವುದು ಒಳ್ಳೆಯದು.

ಎಷ್ಟೋ ಹಳೆಯ ಮನೆಗಳಲ್ಲಿ ಪ್ಲಗ್ ಪಾಯಿಂಟ್‌ಗೆ ಅರ್ಥ್ ಇರುತ್ತದೆ, ಲೈಟ್ ಪಾಯಿಂಟ್‌ಗೆ ಇರುವುದಿಲ್ಲ. ಆಗ ಚಾವಣಿಯಲ್ಲಿದ್ದದ್ದು ಪ್ಲಾಸ್ಟಿಕ್ ಹೋಲ್ಡರು, ಒಂದು ಬಲ್ಬು. ಅದಕ್ಕೆ ಎರಡು ವೈರ್ ಸಾಕಿತ್ತು. ಅದೇ ಜಾಗಕ್ಕೆ ಈಗ ಐದು ತೋಳಿನ ಲೋಹದ ದೀಪ ತಂದು ನೇತುಹಾಕಿದರೆ ಲೆಕ್ಕ ಪೂರ್ತಿ ಬದಲಾಗುತ್ತದೆ.

ಏನು ಕೆಡುತ್ತದೆ?

ಲೈಟಿನ ಒಳಗೆ ಫೇಸ್ ವೈರಿಗೂ ಲೋಹದ ಮೈಗೂ ನಡುವೆ ಇರುವುದು ಒಂದು ತೆಳು ಹೊದಿಕೆ. ಮಾಮೂಲಿ ಪಿವಿಸಿ ಹೊದಿಕೆ 70 ಡಿಗ್ರಿ ಸೆಲ್ಸಿಯಸ್ ತನಕ ತಡೆಯುತ್ತದೆ. ಮುಚ್ಚಿದ ಗಾಜಿನ ಗೋಳದಲ್ಲಿ ಹಳೆಯ 60 ವಾಟ್ ಬಲ್ಬ್ ವರ್ಷಗಟ್ಟಲೆ ಉರಿದರೆ ಹೋಲ್ಡರಿನ ಹತ್ತಿರದ ವೈರ್ ಗಡುಸಾಗಿ, ಬಗ್ಗಿಸಿದರೆ ಪುಡಿಪುಡಿಯಾಗಿ ಉದುರುತ್ತದೆ. ಬಲ್ಬ್ ತಿರುಗಿಸಿ ತಿರುಗಿಸಿ ಹೋಲ್ಡರ್ ಸಡಿಲವಾಗಿ ವೈರ್ ತಿರುಚಿಕೊಂಡಿರುತ್ತದೆ. ಪೈಪಿನ ಚೂಪು ಅಂಚು ಹೊದಿಕೆಯನ್ನು ಸವೆಸಿರುತ್ತದೆ. ಕೊನೆಗೊಂದು ದಿನ ಫೇಸ್ ಮೈಗೆ ತಾಗುತ್ತದೆ.

ಅರ್ಥ್ ಇಲ್ಲದ ಲೈಟಿನಲ್ಲಿ ಆಗ ಏನಾಗುತ್ತದೆ ಗೊತ್ತಾ? ಏನೂ ಆಗುವುದಿಲ್ಲ. ದೀಪ ಎಂದಿನಂತೆ ಉರಿಯುತ್ತದೆ. ಸದ್ದಿಲ್ಲ, ಹೊಗೆಯಿಲ್ಲ. ಆದರೆ ಇಡೀ ಲೋಹದ ಮೈ 230 ವೋಲ್ಟಿನಲ್ಲಿ ಕುಳಿತಿರುತ್ತದೆ.

"ಅಷ್ಟೆತ್ತರದಲ್ಲಿ ಯಾರು ಮುಟ್ಟುತ್ತಾರೆ ಬಿಡಿ" ಅನ್ನುವ ಮಾತು ತುಂಬಾ ಕೇಳಿಬರುತ್ತದೆ. ಸರಿ, ದಿನಾ ಯಾರೂ ಮುಟ್ಟುವುದಿಲ್ಲ. ಮುಟ್ಟುವುದು ಧೂಳು ಒರೆಸಲು, ಬಲ್ಬ್ ಬದಲಿಸಲು. ಅಂದರೆ ಏಣಿಯ ಮೇಲೆ ನಿಂತು, ಒಂದು ಕೈಯಲ್ಲಿ ಲೈಟನ್ನೇ ಹಿಡಿದುಕೊಂಡು. ಶಾಕ್ ಚಿಕ್ಕದಾಗಿದ್ದರೂ ಏಣಿಯಿಂದ ಬೀಳುವುದು ಚಿಕ್ಕದಾಗಿರುವುದಿಲ್ಲ!

ಕರೆಂಟ್ ಮಿತಿ ಮೀರಿದರೆ ತಾನೇ ಕಡಿಯುವ ಎಂಸಿಬಿ ಇದೆಯಲ್ಲ ಅನ್ನುತ್ತೀರಾ? ಲೆಕ್ಕ ಹಾಕಿ ನೋಡಿ. ಕೈಯಿಂದ ಪಾದದವರೆಗೆ ಮೈಯ ತಡೆ ಸುಮಾರು 1000ದಿಂದ 2000 ಓಮ್ ಅಂದುಕೊಳ್ಳೋಣ. 1500 ಓಮ್ ಹಿಡಿದರೆ 230 ವೋಲ್ಟಿಗೆ ಸುಮಾರು 150 ಮಿಲಿಆಂಪ್ ಹರಿಯುತ್ತದೆ. 10 ಮಿಲಿಆಂಪ್ ದಾಟಿದರೆ ಹಿಡಿದ ಕೈ ಬಿಡಲಾಗದೆ ಹೋಗಬಹುದು. 30 ದಾಟಿ ಸ್ವಲ್ಪ ಹೊತ್ತು ಹರಿದರೆ ಎದೆಬಡಿತದ ಲಯ ತಪ್ಪುವ ಅಪಾಯ ಶುರು. ಲೈಟಿನ ಸರ್ಕ್ಯೂಟಿನ ಎಂಸಿಬಿ ಸಾಮಾನ್ಯವಾಗಿ 6 ಆಂಪಿನದು, ಅಂದರೆ 6000 ಮಿಲಿಆಂಪ್. ಅದರ ಲೆಕ್ಕದಲ್ಲಿ ನೀವು ಇನ್ನೊಂದು ಬಲ್ಬ್, ಅಷ್ಟೇ. ಎಂಸಿಬಿ ಇರುವುದು ವೈರ್ ಸುಡದಂತೆ ಕಾಯಲು.

ಡಬ್ಬದ ಮೇಲಿನ ಗುರುತು

ಶಾಕಿನಿಂದ ಹೇಗೆ ಕಾಪಾಡುತ್ತದೆ ಅನ್ನುವುದರ ಮೇಲೆ ವಿದ್ಯುತ್ ಸಾಮಾನುಗಳನ್ನು ವರ್ಗ ಮಾಡಿದ್ದಾರೆ. ಐಇಸಿ 61140 ಅನ್ನುವ ಅಂತಾರಾಷ್ಟ್ರೀಯ ಮಾನದಂಡದಲ್ಲಿ ಇದು ಬರುತ್ತದೆ. ಲೈಟ್ ಕೊಳ್ಳುವವರಿಗೆ ಬೇಕಾದದ್ದು ಮೂರು. ಕ್ಲಾಸ್ 1ರ ಲೈಟಿಗೆ ಅರ್ಥ್ ಕೊಡಲೇಬೇಕು. ಒಳಗೆ ಅರ್ಥ್ ಟರ್ಮಿನಲ್ ಇರುತ್ತದೆ, ಪಕ್ಕದಲ್ಲಿ ವೃತ್ತದೊಳಗೆ ಮೂರು ಅಡ್ಡಗೆರೆಯ ಅರ್ಥ್ ಚಿಹ್ನೆ. ಕ್ಲಾಸ್ 2ಕ್ಕೆ ಚೌಕದೊಳಗೆ ಚೌಕ, ಅಂದರೆ ಡಬಲ್ ಇನ್ಸುಲೇಷನ್. ಕ್ಲಾಸ್ 3ಕ್ಕೆ ವಜ್ರಾಕಾರದೊಳಗೆ ಮೂರು ಉದ್ದ ಗೆರೆ. ಅದು ತೀರಾ ಕಡಿಮೆ ವೋಲ್ಟೇಜಿನಲ್ಲಿ ನಡೆಯುವಂಥದ್ದು.

ಇನ್ನೊಂದು ಜಾತಿಯಿದೆ. ಲೋಹದ ಮೈ, ಎರಡೇ ವೈರ್, ಅರ್ಥ್ ಟರ್ಮಿನಲ್ಲೂ ಇಲ್ಲ, ಚೌಕದ ಗುರುತೂ ಇಲ್ಲ. "ಇದಕ್ಕೆ ಅರ್ಥ್ ಬೇಡ ಸಾರ್" ಅಂತ ಮಾರುತ್ತಾರೆ. ಅರ್ಥ್ ಬೇಡದ್ದಕ್ಕೂ ಅರ್ಥ್ ಕೊಡಲು ಜಾಗವೇ ಇಲ್ಲದ್ದಕ್ಕೂ ತುಂಬಾ ಅಂತರವಿದೆ. ಇದು ಕ್ಲಾಸ್ 0. ಅದೆಷ್ಟೇ ಚೆಂದ ಇರಲಿ, ವಾಪಸ್ ಇಟ್ಟುಬಿಡಿ.

ಕ್ಲಾಸ್ 1: ಅರ್ಥ್ ಇರುವ ಮನೆಗೆ

ಮೂರನೆಯ ವೈರ್ ಇದ್ದು ಅದು ನಿಜವಾಗಿ ಕೆಲಸ ಮಾಡುತ್ತಿದ್ದರೆ ನನ್ನ ಆಯ್ಕೆ ಇದೇ. ಭಾರವಾದ ಹಿತ್ತಾಳೆ, ಕಬ್ಬಿಣದ ದೀಪಗಳಲ್ಲಿ ಹೆಚ್ಚಿನವು ಈ ಗುಂಪಿನವು. ಫೇಸ್ ಮೈಗೆ ತಾಗಿದ ಕೂಡಲೇ ಅರ್ಥ್ ವೈರಿನ ಮೂಲಕ ದೊಡ್ಡ ಕರೆಂಟ್ ನುಗ್ಗುತ್ತದೆ, ಬ್ರೇಕರ್ ಬೀಳುತ್ತದೆ. ಯಾರೂ ಮುಟ್ಟುವ ಮುಂಚೆಯೇ ದೋಷ ಬಯಲಾಗುತ್ತದೆ. ಅರ್ಥಿಂಗ್‌ನ ದೊಡ್ಡ ಗುಣ ಇದು.

ಆದರೆ ದೊಡ್ಡ ಕರೆಂಟ್ ಅಂದರೆ ಎಷ್ಟು? ಬಿ ಟೈಪಿನ 6 ಆಂಪ್ ಎಂಸಿಬಿ ತಟಕ್ಕನೆ ಬೀಳಲು ಅದರ 5 ಪಟ್ಟು, ಅಂದರೆ 30 ಆಂಪ್ ಹರಿಯಬೇಕು. ಅದಕ್ಕೆ ಇಡೀ ದಾರಿಯ ತಡೆ ಸುಮಾರು 7.6 ಓಮ್ ಒಳಗಿರಬೇಕು. ಸಿ ಟೈಪಾದರೆ 10 ಪಟ್ಟು ಬೇಕು, ತಡೆ 3.8 ಓಮ್ ದಾಟಬಾರದು. ಅರ್ಥ್ ವೈರ್ ಸಪ್ಲೈ ಕಂಪನಿಯ ಕೇಬಲ್ಲಿನ ಜೊತೆಗೇ ಹಿಂದಿರುಗುವ ಕಡೆ ಇದು ಕಷ್ಟವಲ್ಲ. ಮನೆಯ ಪಕ್ಕ ಹೂತ ರಾಡು ಅಥವಾ ಪೈಪೇ ಅರ್ಥ್ ಆಗಿದ್ದರೆ ಕಥೆ ಬೇರೆ. ಆಗ ಕರೆಂಟ್ ಮಣ್ಣಿನ ಮೂಲಕ ಹೋಗಬೇಕು. ಒಣಗಿದ ನೆಲದಲ್ಲಿ ಆ ದಾರಿಯ ತಡೆ 50 ಓಮ್ ಇದ್ದರೆ ಹರಿಯುವುದು 4.6 ಆಂಪ್ ಮಾತ್ರ. 6 ಆಂಪ್ ಎಂಸಿಬಿ ಅಲ್ಲಾಡುವುದೂ ಇಲ್ಲ. ಅರ್ಥಿಂಗ್ ಇದೆ, ಆದರೂ ಮೈ ಅಪಾಯದ ವೋಲ್ಟೇಜಿನಲ್ಲೇ ಉಳಿಯುತ್ತದೆ. ಇಂಥ ಮನೆಯಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದ್ದನ್ನು ಗುರುತಿಸಿ ಕಡಿಯುವ ಸಾಧನ) ಇರಲೇಬೇಕು.

ಇನ್ನು ಜೋಡಿಸುವ ಕೆಲಸ. ಇಲ್ಲೇ ಜಾಸ್ತಿ ಎಡವಟ್ಟಾಗುವುದು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಚಾವಣಿಗೆ ಒಂದು ಲೋಹದ ಪಟ್ಟಿ, ಅದನ್ನು ಮುಚ್ಚುವ ಒಂದು ಬಟ್ಟಲು, ಕೆಳಗೆ ಸರಪಳಿ, ಆಮೇಲೆ ತೋಳುಗಳು. ತೂಗುದೀಪದ ರಚನೆ ಸಾಮಾನ್ಯವಾಗಿ ಹೀಗೆ. ಎಷ್ಟೋ ಕಡೆ ಅರ್ಥ್ ವೈರನ್ನು ಪಟ್ಟಿಯ ಸ್ಕ್ರೂಗೆ ಸುತ್ತಿ ಕೆಲಸ ಮುಗಿಸಿಬಿಡುತ್ತಾರೆ. ಪಟ್ಟಿಗೆ ಅರ್ಥ್ ಬಂತು. ನೀವು ಮುಟ್ಟುವ ತೋಳಿಗೆ? ಸರಪಳಿಯ ಕೊಂಡಿಗಳು ಒಂದಕ್ಕೊಂದು ತಾಗಿಕೊಂಡಿವೆ ನಿಜ, ಆದರೆ ತಾಗುವ ಜಾಗದಲ್ಲಿ ಬಣ್ಣ, ಲ್ಯಾಕರ್, ತುಕ್ಕು. ಅದನ್ನು ಅರ್ಥ್ ದಾರಿ ಅಂತ ಎಣಿಸಬಾರದು. ಸರಪಳಿಯ ಒಳಗೆ ಹೆಣೆದುಕೊಂಡು ಇಳಿಯುವ ವೈರ್ ಮೂರು ಕೋರಿನದಾಗಿರಬೇಕು, ಮೂರನೆಯದು ಕೆಳಗಿನ ಮೈಯ ಅರ್ಥ್ ಸ್ಕ್ರೂಗೆ ಮುಟ್ಟಬೇಕು. ಎರಡು ಕೋರಿನ ವೈರ್ ಇಳಿದಿದ್ದರೆ ಅದನ್ನು ಬದಲಿಸಲೇಬೇಕು.

ಅರ್ಥ್ ಸ್ಕ್ರೂ ಕೂರುವ ಜಾಗವನ್ನು ಹತ್ತಿರದಿಂದ ನೋಡಿ. ಪೌಡರ್ ಕೋಟಿಂಗ್ ಮಾಡಿದ ಲೋಹದ ಮೇಲೆ ಸ್ಕ್ರೂ ಬಿಗಿದರೆ ತಂತಿಗೂ ಲೋಹಕ್ಕೂ ನಡುವೆ ಬಣ್ಣದ ಪದರ ಉಳಿಯಬಹುದು. ಬಣ್ಣ ಕರೆಂಟ್ ಹರಿಯಲು ಬಿಡುವುದಿಲ್ಲ. ಅಲ್ಲಿ ಲೋಹ ಹೊಳೆಯುವಂತೆ ಕೆರೆದಿರಬೇಕು. ಇಲ್ಲವೇ ಬಣ್ಣವನ್ನು ಕಚ್ಚಿ ಒಳಗಿಳಿಯುವ ಹಲ್ಲಿನ ವಾಷರ್ ಇರಬೇಕು. ತಂತಿಯ ತುದಿಗೆ ರಿಂಗ್ ಲಗ್ (ಸ್ಕ್ರೂ ತೂರುವ ಲೋಹದ ಉಂಗುರ) ಒತ್ತಿದರೆ ಇನ್ನೂ ಒಳ್ಳೆಯದು. ಇನ್ನೊಂದು ಪುಟ್ಟ ಉಪಾಯ: ಟರ್ಮಿನಲ್ ಹತ್ತಿರ ಅರ್ಥ್ ವೈರನ್ನು ಉಳಿದೆರಡಕ್ಕಿಂತ ಸ್ವಲ್ಪ ಉದ್ದ ಬಿಡಿ. ಲೈಟ್ ಜಗ್ಗಿದರೆ ಮೊದಲು ಫೇಸ್, ನ್ಯೂಟ್ರಲ್ ಕಿತ್ತುಬರಲಿ. ಅರ್ಥ್ ಕಡೆಗೆ ಬಿಡಲಿ.

ಎಲ್ಲ ಆದ ಮೇಲೆ, ಕರೆಂಟ್ ಆಫ್ ಇರುವಾಗಲೇ, ಅರ್ಥ್ ವೈರಿಗೂ ಲೈಟಿನ ಅತಿ ದೂರದ ಲೋಹದ ತುದಿಗೂ ಮಲ್ಟಿಮೀಟರ್ ಹಿಡಿದು ತಡೆ ನೋಡಿ. ಒಂದು ಓಮ್ ಒಳಗೆ ಬರಬೇಕು. ಬಣ್ಣ ಬಳಿದ ಮೈಗೆ ಹಿಡಿದರೆ ಏನೂ ತೋರಿಸುವುದಿಲ್ಲ, ಯಾವುದಾದರೂ ಸ್ಕ್ರೂ ತಲೆ ಹುಡುಕಿಕೊಳ್ಳಿ.

ಕ್ಲಾಸ್ 2: ಎರಡೇ ವೈರಿನ ಮನೆಗೆ

ಇದರಲ್ಲಿ ಫೇಸಿಗೂ ಹೊರಮೈಗೂ ನಡುವೆ ಒಂದರ ಬದಲು ಎರಡು ಹೊದಿಕೆ, ಅಥವಾ ಎರಡಕ್ಕೆ ಸಮನಾದ ಒಂದು ಗಟ್ಟಿ ಹೊದಿಕೆ. ಒಂದು ಕೆಟ್ಟರೂ ಇನ್ನೊಂದು ಕಾಯುತ್ತದೆ. ಹೊರಮೈ ಲೋಹದ್ದೇ ಆಗಿದ್ದರೂ ಪರವಾಗಿಲ್ಲ, ಚೌಕದ ಗುರುತು ಇದ್ದರೆ ಸಾಕು. ಗೋಡೆ ಒಡೆಯದೆ ಹಳೆಯ ಎರಡು ವೈರಿನಲ್ಲೇ ಹಾಕಬಹುದಾದ 230 ವೋಲ್ಟಿನ ಲೋಹದ ಲೈಟ್ ಇದೊಂದೇ.

ಹಾಗಾದರೆ ಎಲ್ಲ ಕಡೆ ಇದನ್ನೇ ಹಾಕಬಹುದಲ್ವಾ? ಹಾಕಬಹುದು. ಆದರೆ ಇದರ ಸುರಕ್ಷತೆಯೆಲ್ಲ ತಯಾರಾದಾಗಿನ ಸ್ಥಿತಿ ಹಾಗೇ ಉಳಿಯುವುದರ ಮೇಲೆ ನಿಂತಿದೆ. ಒಳಗಿನ ಪ್ಲಾಸ್ಟಿಕ್ ಹೋಲ್ಡರ್ ಒಡೆಯಿತೆಂದು ಹಿತ್ತಾಳೆಯದನ್ನು ಹಾಕಿದರೆ, ವೈರ್ ಗಿಡ್ಡವಾಯಿತೆಂದು ಒಂಟಿ ಹೊದಿಕೆಯ ತುಂಡು ಸೇರಿಸಿದರೆ, ಹೊಸ ತೂತು ಕೊರೆದರೆ ಅದು ಕ್ಲಾಸ್ 2 ಆಗಿ ಉಳಿಯುವುದಿಲ್ಲ. ಚೀಟಿ ಮಾತ್ರ ಉಳಿಯುತ್ತದೆ. ರಿಪೇರಿ ಮಾಡಿ ಮಾಡಿ ಬಳಸುವವರಿಗೆ ಕ್ಲಾಸ್ 1 ಮೇಲು. ಅದರಲ್ಲಿ ತಪ್ಪಾದರೆ ಬ್ರೇಕರ್ ಹೇಳುತ್ತದೆ, ಇದರಲ್ಲಿ ಯಾರೂ ಹೇಳುವುದಿಲ್ಲ.

ಚಾವಣಿಯಲ್ಲಿ ಅರ್ಥ್ ವೈರ್ ಇದ್ದು ನೀವು ಕ್ಲಾಸ್ 2 ಲೈಟ್ ತಂದಿದ್ದರೆ? ಆ ವೈರನ್ನು ಲೈಟಿನ ಮೈಗೆ ಸುಮ್ನೆ ಕಟ್ಟಬೇಡಿ, ಕತ್ತರಿಸಲೂಬೇಡಿ. ಒಂದು ಕನೆಕ್ಟರಿನಲ್ಲಿ ಭದ್ರವಾಗಿ ಮುಗಿಸಿ ಒಳಗೆ ಇಡಿ. ಅಲ್ಲಿಂದ ಮುಂದಿನ ಲೈಟಿಗೆ ಅರ್ಥ್ ಹೋಗುತ್ತಿರಬಹುದು. ನಾಳೆ ಬೇರೆ ಲೈಟ್ ಹಾಕುವವರಿಗೂ ಬೇಕಾಗುತ್ತದೆ.

ಕ್ಲಾಸ್ 3: ನೀರಿನ ಹತ್ತಿರ, ಕೈಗೆ ಸಿಗುವ ಕಡೆ

12 ಅಥವಾ 24 ವೋಲ್ಟಿನ ಸ್ಪಾಟ್, ಕಪಾಟಿನ ಕೆಳಗಿನ ಅಲ್ಯೂಮಿನಿಯಂ ಪಟ್ಟಿ ಲೈಟ್, ತೋಟದ ಕಂಬ ಲೈಟ್. ಇವುಗಳ ಮೈ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ, ಅರ್ಥ್ ಬೇಕಿಲ್ಲ. ಅಪಾಯವೆಲ್ಲ ವೋಲ್ಟೇಜ್ ಇಳಿಸಿಕೊಡುವ ಡ್ರೈವರ್ ಅಥವಾ ಟ್ರಾನ್ಸ್‌ಫಾರ್ಮರ್ ಇರುವ ಕಡೆಗೆ ಸರಿದಿರುತ್ತದೆ. ಅದನ್ನು ಒಣಗಿದ, ಗಾಳಿಯಾಡುವ, ಆಮೇಲೆ ಕೈಗೆಟುಕುವ ಜಾಗದಲ್ಲಿಡಿ.

ಇಲ್ಲೊಂದು ತಪ್ಪು ತಿಳಿವಳಿಕೆ ಬಿಡಿಸಬೇಕು. "ಎಲ್‌ಇಡಿ ಅಂದ್ರೆ ಲೋ ವೋಲ್ಟೇಜ್, ಶಾಕ್ ಇಲ್ಲ" ಅನ್ನುವುದು ಸುಳ್ಳು. ಎಲ್‌ಇಡಿ ಡ್ರೈವರುಗಳಲ್ಲಿ ಎರಡು ಬಗೆ. ಒಂದರಲ್ಲಿ ಒಳಬರುವ ಕರೆಂಟಿಗೂ ಎಲ್‌ಇಡಿ ಕಡೆಗೂ ನೇರ ಸಂಪರ್ಕ ಇರುವುದಿಲ್ಲ, ಟ್ರಾನ್ಸ್‌ಫಾರ್ಮರ್ ಬೇರ್ಪಡಿಸಿರುತ್ತದೆ. ಇನ್ನೊಂದರಲ್ಲಿ ಬೇರ್ಪಡಿಕೆ ಇಲ್ಲ, ಎಲ್‌ಇಡಿ ಪಟ್ಟಿಯೇ ಮೇನ್ಸ್‌ಗೆ (ಮನೆಗೆ ಬರುವ 230 ವೋಲ್ಟಿಗೆ) ಕೂಡಿಕೊಂಡಿರುತ್ತದೆ. ಔಟ್‌ಪುಟ್ 36 ವೋಲ್ಟ್ ಅಂತ ಬರೆದಿದ್ದರೂ ಅದು ಎರಡು ವೈರಿನ ನಡುವಿನ ಲೆಕ್ಕ. ನೆಲಕ್ಕೆ ಹೋಲಿಸಿದರೆ ಅಲ್ಲಿ ಮೇನ್ಸ್ ವೋಲ್ಟೇಜೇ ಇರಬಹುದು. ಡ್ರೈವರ್ ಮೇಲೆ ಎಸ್‌ಇಎಲ್‌ವಿ (ಮೇನ್ಸ್‌ನಿಂದ ಬೇರ್ಪಡಿಸಿದ, ತೀರಾ ಕಡಿಮೆ ವೋಲ್ಟೇಜ್) ಅಂತ ಇದೆಯಾ ನೋಡಿಕೊಳ್ಳಿ.

ತೊಂದರೆಯೂ ಉಂಟು. 60 ವಾಟ್ ಲೈಟ್ 12 ವೋಲ್ಟಿನಲ್ಲಿ 5 ಆಂಪ್ ಎಳೆಯುತ್ತದೆ. ಉದ್ದದ ತೆಳು ವೈರ್ ಹಾಕಿದರೆ ಕೊನೆಯ ಲೈಟ್ ಮಂಕಾಗುತ್ತದೆ, ವೈರ್ ಬಿಸಿಯಾಗುತ್ತದೆ. ದೊಡ್ಡ ಕೋಣೆಯ ಮುಖ್ಯ ದೀಪಕ್ಕೆ ಇದು ಹೊಂದುವುದಿಲ್ಲ.

ಸ್ನಾನದ ಕೋಣೆಗೆ ಮಾತ್ರ ಇದನ್ನೇ ಮೊದಲು ಯೋಚಿಸಿ. ಅಂತಾರಾಷ್ಟ್ರೀಯ ನಿಯಮಗಳಲ್ಲಿ ಆ ಕೋಣೆಯನ್ನು ವಲಯಗಳಾಗಿ ಹಂಚಿದ್ದಾರೆ. ಟಬ್ಬಿನ ಒಳಗೆ 12 ವೋಲ್ಟ್ ಎಸಿಗಿಂತ ಹೆಚ್ಚು ಸಲ್ಲದು. ಟಬ್ ಅಥವಾ ಶವರಿನ ಮೇಲೆ 2.25 ಮೀಟರ್ ಎತ್ತರದವರೆಗೆ, ಪಕ್ಕಕ್ಕೆ ಇನ್ನೂ 0.6 ಮೀಟರ್ ತನಕ, ನೀರು ಸಿಡಿದರೂ ತಡೆಯುವ ಐಪಿಎಕ್ಸ್4 ದರ್ಜೆಯದಾದರೂ ಬೇಕು. ಒಂದು ಮಾತು ನೆನಪಿರಲಿ: ಐಪಿ ಅಂಕಿ ನೀರು, ಧೂಳಿನದು. ಅದಕ್ಕೂ ಅರ್ಥಿಂಗ್‌ಗೂ ಸಂಬಂಧವಿಲ್ಲ. ಐಪಿ65 ಇರುವ ಲೋಹದ ಲೈಟೂ ಕ್ಲಾಸ್ 1 ಆಗಿದ್ದರೆ ಅರ್ಥ್ ಬೇಕೇ ಬೇಕು.

ಆರ್‌ಸಿಸಿಬಿ ಹಾಕಿದರೆ ಅರ್ಥ್ ಬೇಡವಾ?

ಈ ಪ್ರಶ್ನೆಗೆ ನನ್ನ ಉತ್ತರ ಖಡಾಖಂಡಿತ: ಎರಡೂ ಬೇಕು.

ಆರ್‌ಸಿಸಿಬಿ ಫೇಸಿನಲ್ಲಿ ಹೋದ ಕರೆಂಟ್ ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬಂತಾ ಅಂತ ನೋಡುತ್ತಿರುತ್ತದೆ. 30 ಮಿಲಿಆಂಪಿನಷ್ಟು ಎಲ್ಲೋ ಸೋರಿದರೆ 300 ಮಿಲಿಸೆಕೆಂಡಿನೊಳಗೆ, 150ರಷ್ಟು ಸೋರಿದರೆ 40 ಮಿಲಿಸೆಕೆಂಡಿನೊಳಗೆ ಕಡಿದುಹಾಕಬೇಕು. ಇದು ಕೆಲಸ ಮಾಡಲು ಅರ್ಥ್ ವೈರ್ ಬೇಕಿಲ್ಲ, ನಿಜ. ಆದರೆ ಅರ್ಥ್ ಇಲ್ಲದ ಲೈಟಿನಲ್ಲಿ ಸೋರಿಕೆಗೆ ದಾರಿ ಯಾವುದು? ನಿಮ್ಮ ಮೈ. ಅಂದರೆ ನೀವು ಮುಟ್ಟಿ, ಶಾಕ್ ಹೊಡೆಸಿಕೊಂಡ ಮೇಲೆ ಅದು ಬೀಳುತ್ತದೆ. ಜೀವ ಉಳಿಯುವ ಸಾಧ್ಯತೆ ಬಹಳ ಹೆಚ್ಚು, ಆದರೆ ಏಣಿಯ ಮೇಲೆ ಆ ಝಟಕಾ ಬೇಕಾ? ಅರ್ಥ್ ಇದ್ದರೆ ದೋಷ ಹುಟ್ಟಿದ ಗಳಿಗೆಯಲ್ಲೇ ಬೀಳುತ್ತದೆ, ಕೋಣೆಯಲ್ಲಿ ಯಾರೂ ಇಲ್ಲದಿದ್ದರೂ. ಇನ್ನು ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದು, ನೆಲಕ್ಕೆ ಸೋರಿಕೆ ಇಲ್ಲದಿದ್ದರೆ ಆರ್‌ಸಿಸಿಬಿಗೆ ಗೊತ್ತೇ ಆಗುವುದಿಲ್ಲ.

ಅದರ ಮೇಲಿನ ಟೆಸ್ಟ್ ಬಟನ್ ಬಗ್ಗೆಯೂ ತಿಳಿದಿರಿ. ಒತ್ತಿದಾಗ ಬಿದ್ದರೆ ಆ ಸಾಧನದ ಒಳಗಿನ ವ್ಯವಸ್ಥೆ ಸರಿಯಿದೆ ಅಂತ ಅರ್ಥ, ಅಷ್ಟೇ. ಒಳಗಿನ ಒಂದು ರೆಸಿಸ್ಟರ್ ಮೂಲಕ ಕೃತಕ ಸೋರಿಕೆ ಮಾಡುತ್ತದೆ ಅದು. ಮನೆಗೆ ಅರ್ಥ್ ಇಲ್ಲದಿದ್ದರೂ ಬಟನ್ ಸರಿಯಾಗೇ ಕೆಲಸ ಮಾಡುತ್ತದೆ.

ಆಯ್ಕೆಯೇ ಅಲ್ಲದ ಎರಡು ದಾರಿ

ಅರ್ಥ್ ವೈರ್ ಇಲ್ಲದ ಕಡೆ "ನ್ಯೂಟ್ರಲ್‌ಗೇ ಲೂಪ್ ಕೊಟ್ಟುಬಿಡ್ತೀನಿ" ಅನ್ನುವವರಿದ್ದಾರೆ. ಬೇಡ. ನ್ಯೂಟ್ರಲ್ ಎಲ್ಲಾದರೂ ಸಡಿಲವಾದರೆ ಫೇಸ್ ಬಲ್ಬಿನ ಮೂಲಕ ಬಂದು ನೇರವಾಗಿ ಲೋಹದ ಮೈಗೆ ಏರುತ್ತದೆ. ಇನ್ಸುಲೇಷನ್ ಕೆಡಬೇಕಾಗೂ ಇಲ್ಲ, ಒಂದು ಸಡಿಲ ಸ್ಕ್ರೂ ಸಾಕು. ಸ್ವಿಚ್ ಬೋರ್ಡಿನಲ್ಲಿ ಫೇಸ್, ನ್ಯೂಟ್ರಲ್ ಅದಲುಬದಲಾಗಿದ್ದರಂತೂ ಮೊದಲ ದಿನದಿಂದಲೇ ಮೈಯಲ್ಲಿ ಕರೆಂಟ್. ಇನ್ನೊಂದು, ಹತ್ತಿರದ ನೀರಿನ ಪೈಪಿಗೆ ಕಟ್ಟುವುದು. ನಡುವೆ ಒಂದು ತುಂಡು ಪ್ಲಾಸ್ಟಿಕ್ ಪೈಪ್ ಇದ್ದರೆ ಅರ್ಥ್ ಸಿಗುವುದಿಲ್ಲ, ನಲ್ಲಿಗೆಲ್ಲ ಕರೆಂಟ್ ಹಂಚಿದ ಹಾಗಾಗುತ್ತದೆ.

ಎರಡು ವೈರಿನ ಮನೆಯಲ್ಲಿ ಏನು ಮಾಡಲಿ?

ವೈರ್ ಪೈಪಿನೊಳಗೆ ಓಡುತ್ತಿದ್ದು, ಪೈಪಿನಲ್ಲಿ ಜಾಗ ಇದ್ದರೆ, ಮೂರನೆಯ ವೈರ್ ಎಳೆಸುವುದೇ ಒಳ್ಳೆಯದು. ಒಮ್ಮೆ ಖರ್ಚು ಮಾಡಿದರೆ ಮುಂದೆ ಯಾವ ಲೈಟ್ ಬೇಕಾದರೂ ತರಬಹುದು. ಪ್ಲಾಸ್ಟರಿನೊಳಗೆ ಹೂತ ಕೇಬಲ್ ಆದರೆ ಎಳೆಯಲು ಆಗುವುದಿಲ್ಲ. ಆಗ ಕ್ಲಾಸ್ 2 ಲೈಟ್ ತನ್ನಿ, ಇಲ್ಲವೇ ಪ್ಲಾಸ್ಟಿಕ್ ಹೋಲ್ಡರಿಗೆ ಗಾಜು, ಬಟ್ಟೆ, ಬಿದಿರಿನ ಶೇಡ್ ಹಾಕಿ. ಯಾವ ದಾರಿ ಹಿಡಿದರೂ 30 ಮಿಲಿಆಂಪಿನ ಆರ್‌ಸಿಸಿಬಿ ಜೊತೆಗಿರಲಿ. ಮನಸೋತ ಹಳೆಯ ಹಿತ್ತಾಳೆ ದೀಪವೊಂದಕ್ಕಾಗಿ ಗೋಡೆ ಕೊರೆಯಲು ಮನಸ್ಸಿದ್ದರೆ ಕೊರೆಯಿರಿ. ಅರ್ಥ್ ಇಲ್ಲದೆ ಹಾಕುವುದಾದರೆ ಅದನ್ನು ಕಪಾಟಿನ ಮೇಲೆ ಅಲಂಕಾರಕ್ಕೆ ಇಡುವುದೇ ಲೇಸು.

ಟೆಸ್ಟರ್ ಹೇಳುವ ಅರೆಸತ್ಯ

ಹೊಸ ಎಲ್‌ಇಡಿ ಲೈಟಿನ ಲೋಹ ಮುಟ್ಟಿದರೆ ಬೆರಳಿಗೆ ಜುಮ್ಮೆನ್ನುತ್ತದೆ, ಟೆಸ್ಟರ್ ಮಂದವಾಗಿ ಉರಿಯುತ್ತದೆ. ಡ್ರೈವರಿನ ಫಿಲ್ಟರ್ ಕೆಪಾಸಿಟರುಗಳು ಮೈಯನ್ನು ಮೇನ್ಸ್ ವೋಲ್ಟೇಜಿನ ಸುಮಾರು ಅರ್ಧಕ್ಕೆ ಎತ್ತಿರುತ್ತವೆ. ಹರಿಯುವುದು ಸಾಮಾನ್ಯವಾಗಿ ಒಂದು ಮಿಲಿಆಂಪಿಗೂ ಕಡಿಮೆ, ಅದರಿಂದಲೇ ಪ್ರಾಣಾಪಾಯವಿಲ್ಲ. ಆದರೆ ಕ್ಲಾಸ್ 1 ಲೈಟಿನಲ್ಲಿ ಹೀಗಾದರೆ ಅರ್ಥ್ ತಲುಪಿಲ್ಲ ಅಂತಲೇ ಲೆಕ್ಕ. ನಿಜವಾದ ದೋಷದಲ್ಲೂ ಟೆಸ್ಟರ್ ಹೀಗೇ ಉರಿಯುವುದರಿಂದ ಎರಡನ್ನೂ ಅದರಿಂದ ಬೇರೆ ಮಾಡಲಾಗದು.

ಮಲ್ಟಿಮೀಟರಿನಲ್ಲಿ ಫೇಸ್-ನ್ಯೂಟ್ರಲ್ 230 ಬಂದರೆ ಫೇಸ್-ಅರ್ಥ್ ಕೂಡ ಅಷ್ಟೇ ಬರಬೇಕು, ನ್ಯೂಟ್ರಲ್-ಅರ್ಥ್ ಕೆಲವೇ ವೋಲ್ಟ್ ಇರಬೇಕು. ಇದೂ ಪೂರ್ತಿ ಸಾಕ್ಷಿಯಲ್ಲ. ಮೀಟರ್ ತೀರಾ ಕಡಿಮೆ ಕರೆಂಟ್ ಎಳೆಯುವುದರಿಂದ ಒಂದೇ ಎಳೆಯಲ್ಲಿ ನೇತಾಡುವ ಅರ್ಥ್ ವೈರೂ ಅದಕ್ಕೆ ಚೆನ್ನಾಗಿ ಕಾಣುತ್ತದೆ. ಎಲೆಕ್ಟ್ರಿಷಿಯನ್ ಬಂದಾಗ ಲೂಪ್ ಟೆಸ್ಟ್ (ಫೇಸಿನಿಂದ ಅರ್ಥ್ ಮೂಲಕ ಹಿಂದಿರುಗುವ ಇಡೀ ದಾರಿಯ ತಡೆ ಅಳೆಯುವುದು) ಮಾಡಲು ಹೇಳಿ, ಎಷ್ಟು ಓಮ್ ಬಂತು ಅಂತ ಕೇಳಿ ಬರೆದಿಟ್ಟುಕೊಳ್ಳಿ. "ಎಲ್ಲಾ ಓಕೆ ಇದೆ" ಅನ್ನುವುದು ಅಳತೆಯಲ್ಲ.

ಜೊತೆಗೆ ಸ್ವಿಚ್ ಫೇಸಿನಲ್ಲಿದೆಯಾ ಅಂತಲೂ ನೋಡಿಸಿ. ನ್ಯೂಟ್ರಲ್‌ನಲ್ಲಿದ್ದರೆ ಸ್ವಿಚ್ ಆರಿಸಿದರೂ ಹೋಲ್ಡರಿನಲ್ಲಿ ಫೇಸ್ ಇರುತ್ತದೆ. ತಿರುಪಿನ ಹೋಲ್ಡರ್ ಆದರೆ ಫೇಸ್ ತಳದ ನಡುವಿನ ತಗಡಿಗೆ ಬರಬೇಕು, ಸುತ್ತಲಿನ ತಿರುಪಿಗೆ ನ್ಯೂಟ್ರಲ್. ಬಲ್ಬ್ ತಿರುಗಿಸುವಾಗ ಬೆರಳು ತಾಗುವ ಸಾಧ್ಯತೆ ಇರುವುದು ಆ ತಿರುಪಿಗೇ.

ಟೇಬಲ್ ಲ್ಯಾಂಪ್‌ಗೂ ಇದೇ ನಿಯಮ, ಅದು ದಿನವೂ ಕೈಗೆ ಸಿಗುವುದರಿಂದ ಇನ್ನೂ ಕಟ್ಟುನಿಟ್ಟಾಗಿ. ಲೋಹದ ಮೈ, ಎರಡು ಪಿನ್ನಿನ ಪ್ಲಗ್, ಚೌಕದ ಗುರುತಿಲ್ಲ ಅಂದರೆ ಪ್ಲಗ್ ಕಿತ್ತಿಡಿ. ತಿಳಿದವರ ಕೈಲಿ ಮೂರು ಕೋರಿನ ವೈರ್, ಅರ್ಥ್ ಪಿನ್ ಇರುವ ಪ್ಲಗ್ ಹಾಕಿಸಿ, ಮೈಗೆ ಅರ್ಥ್ ಸ್ಕ್ರೂ ಕೂರಿಸಿ. ವೈರ್ ಒಳಹೋಗುವ ತೂತಿಗೆ ರಬ್ಬರ್ ಬುಷ್, ಒಳಗೆ ಎಳೆದರೂ ಜಾರದಂತೆ ಹಿಡಿಯುವ ಕ್ಲಾಂಪ್ ಇರಲಿ. ಗಂಟು ಹಾಕಿ ಬಿಟ್ಟಿದ್ದರೆ ಬಿಚ್ಚಿಸಿ, ಮತ್ತೆ ಮಾಡಿಸಿ.